ಮುಷ್ಟಿ ಬಿಚ್ಚುವುದನ್ನು ಕಲಿಸಬಹುದೇ? ಹದಿಹರೆಯದವರಿಗೆ ಅಹಿಂಸೆ ಕಲಿಸಿದ ಪ್ರಯೋಗಗಳು ಏನು ಹೇಳುತ್ತವೆ

2025ರಲ್ಲಿ ಮೂರು ಸುದ್ದಿಗಳು ಒಂದರ ಹಿಂದೊಂದು ಬಂದವು. ಮಾರ್ಚ್‌ನಲ್ಲಿ ಕೇರಳದ ತಾಮರಶ್ಶೇರಿಯ ಹತ್ತನೇ ತರಗತಿ ಹುಡುಗನೊಬ್ಬ ಹೊಡೆದಾಟದಲ್ಲಿ ಪೆಟ್ಟು ತಿಂದು ತೀರಿಕೊಂಡ. ಜಗಳ ಹುಟ್ಟಿದ್ದು ಟ್ಯೂಷನ್ ಸೆಂಟರಿನ ಬೀಳ್ಕೊಡುಗೆ ಕಾರ್ಯಕ್ರಮದಲ್ಲಿ. ಕುಣಿಯುತ್ತಿದ್ದವರನ್ನು ಇನ್ನೊಂದು ಶಾಲೆಯವರು ಕೂಗಿ ಗೇಲಿ ಮಾಡಿದ್ದೇ ಅದರ ಮೂಲ ಅಂತ ವರದಿಯಾಯಿತು. ಮೇ ತಿಂಗಳಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಮಕ್ಕಳ ಸಣ್ಣ ಜಗಳವೊಂದು ಚಾಕುವಿನವರೆಗೆ ಹೋಯಿತು. ಸತ್ತವನು ಹೈಸ್ಕೂಲ್ ಹುಡುಗ, ಇರಿದ ಆರೋಪ ಹೊತ್ತವನು ಆರನೇ ತರಗತಿಯವನು. ಆಗಸ್ಟ್‌ನಲ್ಲಿ ಅಹಮದಾಬಾದಿನ ಶಾಲೆಯೊಂದರ ಹೊರಗೆ ಹತ್ತನೇ ತರಗತಿಯ ವಿದ್ಯಾರ್ಥಿಗೆ ಚಾಕು ಬಿತ್ತು. ಅಲ್ಲೂ ಆರೋಪ ಇದ್ದದ್ದು ಅದೇ ಶಾಲೆಯ ಕಿರಿಯ ಹುಡುಗನ ಮೇಲೆ.

ಇಂಥ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಒಂದು, ‘ಕೊಲೆ ಮಾಡುವಷ್ಟು ಬುದ್ಧಿ ಇದ್ದರೆ ದೊಡ್ಡವರ ಶಿಕ್ಷೆಯನ್ನೂ ಅನುಭವಿಸಲಿ’ ಎನ್ನುವುದು. ಇನ್ನೊಂದು, ‘ಶಾಲೆಯಲ್ಲಿ ನೀತಿಪಾಠ ನಿಂತುಹೋಗಿದ್ದಕ್ಕೇ ಹೀಗಾಗಿದೆ, ಮತ್ತೆ ತನ್ನಿ’ ಎನ್ನುವುದು. ಎರಡೂ ಕೇಳಲು ಸರಿ ಅನ್ನಿಸುತ್ತವೆ. ಹಾಗಾಗಿಯೇ ಓದುಗರಿಗೆ ಗೊಂದಲ.

ಇವೆರಡರ ನಡುವೆ ಇನ್ನೊಂದು ದಾರಿ ಇದೆ. ಅದರ ಬಗ್ಗೆ ಚರ್ಚೆ ಕಡಿಮೆ. ಹದಿಹರೆಯದ ಮಕ್ಕಳಿಗೆ ಹಿಂಸೆಯ ಬದಲು ಬೇರೆ ದಾರಿ ಹಿಡಿಯುವುದನ್ನು ಕಲಿಸಲು ಶಿಕಾಗೋದಿಂದ ಬಿಹಾರದವರೆಗೆ ಹಲವು ಕಡೆ ಪ್ರಯತ್ನ ನಡೆದಿದೆ. ಕೆಲವನ್ನು ಔಷಧಿ ಪರೀಕ್ಷೆ ಮಾಡುವಷ್ಟೇ ಕಟ್ಟುನಿಟ್ಟಾಗಿ ಅಳೆದಿದ್ದಾರೆ. ಕೆಲವು ಗೆದ್ದಿವೆ, ಕೆಲವು ಸೋತಿವೆ, ಒಂದಂತೂ ಮಕ್ಕಳನ್ನು ಇನ್ನಷ್ಟು ಕೆಡಿಸಿದೆ. ಅಹಿಂಸೆಯನ್ನು ಕಲಿಸಬಹುದು, ಆದರೆ ಉಪದೇಶದಿಂದ ಅಲ್ಲ, ಅಭ್ಯಾಸದಿಂದ. ಜೊತೆಗೆ ಮಗು ನಂಬಬಲ್ಲ ಒಬ್ಬ ದೊಡ್ಡವರು ಪಕ್ಕದಲ್ಲಿರಬೇಕು. ಈ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾಣುವುದು ಇದು.

ಮಕ್ಕಳ ಅಪರಾಧ ಜಾಸ್ತಿ ಆಗಿದೆಯೇ?

ಮೊದಲು ಲೆಕ್ಕ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2016ರಲ್ಲಿ ದೇಶದಲ್ಲಿ 18 ವರ್ಷದೊಳಗಿನವರ ಮೇಲೆ ದಾಖಲಾದ ಪ್ರಕರಣಗಳು 35,849. 2022ರಲ್ಲಿ ಅದು 30,555ಕ್ಕೆ ಇಳಿದಿತ್ತು. 2023ರಲ್ಲಿ ಸ್ವಲ್ಪ ಏರಿ 31,365 ಆಯಿತು. ಅಂದರೆ ‘ಈಗಿನ ಮಕ್ಕಳೆಲ್ಲ ಕೆಟ್ಟುಹೋದರು’ ಎನ್ನುವ ಮಾತಿಗೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಎಲ್ಲ ಘಟನೆಯೂ ಠಾಣೆಯವರೆಗೆ ಹೋಗುವುದಿಲ್ಲ, ನಿಜ. ಆದರೆ ಅದು 2016ಕ್ಕೂ ಅನ್ವಯಿಸುವ ಮಾತು.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯವಿದೆ. ಸಿಕ್ಕಿಬೀಳುವ ಮಕ್ಕಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು 16ರಿಂದ 18ರ ನಡುವಿನವರು. ಎಂಟನೇ, ಒಂಬತ್ತನೇ ತರಗತಿ ದಾಟಿದ ಮೇಲೆ ಅಪಾಯ ಏರುತ್ತದೆ. ಹಾಗಿದ್ದರೆ ತಡೆಯುವ ಕೆಲಸ ಅದಕ್ಕಿಂತ ಮೊದಲೇ, ಮಗು ಇನ್ನೂ ಶಾಲೆಯ ಬೆಂಚಿನ ಮೇಲಿರುವಾಗಲೇ ಆಗಬೇಕು. ಪಿಯುಸಿಗೆ ಮುಂಚೆಯೇ ಓದು ಬಿಟ್ಟ ಹುಡುಗನನ್ನು ಆಮೇಲೆ ಹುಡುಕಿ ಹಿಡಿಯುವುದು ಕಷ್ಟ.

ಕಾನೂನು ಎಲ್ಲಿಯವರೆಗೆ ಹೋಗುತ್ತದೆ

2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರ ಪ್ರಕರಣದಲ್ಲಿ ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ. ಆ ಸಿಟ್ಟಿನಿಂದಲೇ 2015ರ ಬಾಲನ್ಯಾಯ ಕಾಯ್ದೆ ಬಂತು. 16ರಿಂದ 18ರೊಳಗಿನವರು ಘೋರ ಅಪರಾಧ ಮಾಡಿದ ಆರೋಪವಿದ್ದರೆ, ಬಾಲನ್ಯಾಯ ಮಂಡಳಿ ಅವರ ಮಾನಸಿಕ ಬೆಳವಣಿಗೆಯನ್ನು ನೋಡಿ, ದೊಡ್ಡವರಂತೆ ವಿಚಾರಣೆ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ಆಗಲೂ ಮರಣದಂಡನೆ ಇಲ್ಲ. ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯೂ ಇಲ್ಲ. 16 ತುಂಬದವರ ವಿಷಯದಲ್ಲಿ ಗರಿಷ್ಠ ಮೂರು ವರ್ಷ ವಿಶೇಷ ಗೃಹದಲ್ಲಿ ಇಡಬಹುದು, ಅಷ್ಟೇ.

‘ಇದು ಸಾಲದು’ ಎನ್ನುವವರ ನೋವು ಸುಳ್ಳಲ್ಲ. ತಾಮರಶ್ಶೇರಿ ಪ್ರಕರಣದಲ್ಲಿ ಆರೋಪಿ ಹುಡುಗರು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದಾಗ ಪ್ರತಿಭಟನೆ ನಡೆಯಿತು. ಮಗನನ್ನು ಕಳೆದುಕೊಂಡ ಮನೆಯವರಿಗೆ ಅದನ್ನು ನೋಡುವುದು ಎಷ್ಟು ಕಷ್ಟ ಎಂದು ಯಾರಿಗೆ ಬೇಕಾದರೂ ಅರ್ಥವಾಗುತ್ತದೆ.

ಆದರೆ ಶಿಕ್ಷೆ ಹೆಚ್ಚಿಸಿದರೆ ಮುಂದಿನ ಚಾಕು ನಿಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಶಿಕ್ಷೆಗೆ ಹೆದರಬೇಕಾದರೆ, ಕೈ ಎತ್ತುವ ಮುಂಚೆ ಶಿಕ್ಷೆಯ ನೆನಪಾಗಬೇಕು. ಮೇಲಿನ ಘಟನೆಗಳ ಮೂಲ ನೋಡಿ: ಒಂದು ಗೇಲಿ, ಒಂದು ಮಾತಿಗೆ ಮಾತು. ಗೆಳೆಯರೆಲ್ಲ ನೋಡುತ್ತಿರುವಾಗ, ಮರ್ಯಾದೆ ಹೋಯಿತು ಅನ್ನಿಸಿದ ಆ ಕ್ಷಣದಲ್ಲಿ, ಹದಿನಾಲ್ಕು ವರ್ಷದವನಿಗೆ ಕಾಯ್ದೆಯ ಸೆಕ್ಷನ್ ನೆನಪಾಗುವುದಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ಅವನಿಗೂ ಗೊತ್ತಿರುತ್ತದೆ. ಗೊತ್ತಿದ್ದರೂ ಆಗ ಉಪಯೋಗಕ್ಕೆ ಬರುವುದಿಲ್ಲ.

ನೀತಿಪಾಠ ಬೇಕು ಎನ್ನುವವರೂ ಎಡವುವುದು ಇಲ್ಲೇ. ಹೊಡೆಯುವುದು ತಪ್ಪು ಅಂತ ಗೊತ್ತಿಲ್ಲದೆ ಯಾವ ಹುಡುಗನೂ ಹೊಡೆಯುವುದಿಲ್ಲ. ಪರೀಕ್ಷೆಯಲ್ಲಿ ‘ಅಹಿಂಸೆಯ ಮಹತ್ವ’ ಬರೆಯಲು ಹೇಳಿದರೆ ಎರಡು ಪುಟ ಬರೆಯುತ್ತಾನೆ. ಅವನಿಗೆ ಗೊತ್ತಿರುವುದಕ್ಕೂ ಆ ಹೊತ್ತಿನಲ್ಲಿ ಕೈ ಮಾಡುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ಅದನ್ನು ಮುಚ್ಚಲು ಹೊರಟ ಒಂದು ಕಾರ್ಯಕ್ರಮದ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಶಿಕಾಗೋದ ಚೆಂಡಾಟ

ಬಂದೂಕಿನ ಹಿಂಸೆಗೆ ಹೆಸರಾದ ಶಿಕಾಗೋ ನಗರದಲ್ಲಿ 2001ರಲ್ಲಿ ಆಂಟನಿ ರಮಿರೆಝ್-ಡಿ ವಿಟೋರಿಯೊ ಎಂಬುವರು ‘ಬಿಕಮಿಂಗ್ ಎ ಮ್ಯಾನ್’ ಎಂಬ ಕಾರ್ಯಕ್ರಮ ಶುರು ಮಾಡಿದರು. ನಡೆಸುವುದು ಯೂತ್ ಗೈಡೆನ್ಸ್ ಎಂಬ ಸಂಸ್ಥೆ. ಬಡ ಬಡಾವಣೆಗಳ ಶಾಲೆಗಳಲ್ಲಿ ಹದಿನೈದು ಹುಡುಗರಿಗೆ ಮೀರದ ಗುಂಪು, ಒಬ್ಬ ಸಮಾಲೋಚಕ, ಶಾಲಾ ಹೊತ್ತಿನಲ್ಲೇ ವಾರಕ್ಕೊಂದು ಗಂಟೆ. ಪಠ್ಯಪುಸ್ತಕ ಇಲ್ಲ, ಪರೀಕ್ಷೆ ಇಲ್ಲ.

ಅಲ್ಲಿ ಮೊದಲ ದಿನಗಳಲ್ಲೇ ಮಾಡಿಸುವ ಒಂದು ಚಟುವಟಿಕೆ ಇದೆ. ಹುಡುಗರನ್ನು ಜೋಡಿ ಮಾಡುತ್ತಾರೆ. ಒಬ್ಬನ ಕೈಗೆ ಚೆಂಡು ಕೊಟ್ಟು ಮುಷ್ಟಿ ಬಿಗಿ ಮಾಡಿಸುತ್ತಾರೆ. ಇನ್ನೊಬ್ಬನಿಗೆ ಹೇಳುತ್ತಾರೆ: ‘30 ಸೆಕೆಂಡಿನಲ್ಲಿ ಅವನ ಕೈಯಿಂದ ಚೆಂಡು ತೆಗೆದುಕೋ’. ತಕ್ಷಣ ಎಳೆದಾಟ, ತಳ್ಳಾಟ, ಬೆರಳು ಹಿಂಡುವುದು ಶುರು. ಆಮೇಲೆ ಪಾತ್ರ ಅದಲುಬದಲು. ಮತ್ತೆ ಅದೇ ಎಳೆದಾಟ. ಎಲ್ಲ ಮುಗಿದ ಮೇಲೆ ಸಮಾಲೋಚಕ ಒಂದೇ ಪ್ರಶ್ನೆ ಕೇಳುತ್ತಾನೆ: ನಿಮ್ಮಲ್ಲಿ ಯಾರಾದರೂ ಚೆಂಡು ಕೊಡು ಅಂತ ಬಾಯಿಬಿಟ್ಟು ಕೇಳಿದಿರಾ? ಕೇಳಿದವರು ಇರುವುದೇ ಅಪರೂಪ. ಯಾಕೆ ಕೇಳಲಿಲ್ಲ ಅಂದರೆ, ಕೇಳಿದ್ದರೆ ಅವನು ಕೊಡುತ್ತಿರಲಿಲ್ಲ, ನನ್ನನ್ನು ಪುಕ್ಕಲ ಅಂದುಕೊಳ್ಳುತ್ತಿದ್ದ ಅಂತ ಉತ್ತರ. ಆಗ ಸಮಾಲೋಚಕ ಇನ್ನೊಬ್ಬನ ಕಡೆ ತಿರುಗಿ, ಅವನು ಕೇಳಿದ್ದರೆ ಏನು ಮಾಡುತ್ತಿದ್ದೆ ಅನ್ನುತ್ತಾನೆ. ಸಾಮಾನ್ಯವಾಗಿ ಬರುವ ಉತ್ತರ: ಕೊಡುತ್ತಿದ್ದೆ, ಯಕಶ್ಚಿತ್ ಒಂದು ಚೆಂಡು, ಅದರಲ್ಲೇನಿದೆ.

ಉಪದೇಶದ ಒಂದು ಮಾತೂ ಇಲ್ಲ. ಎದುರಿನವನ ಮನಸ್ಸಿನಲ್ಲಿ ಏನಿದೆ ಎಂದು ತಾನು ಊಹಿಸಿದ್ದು ತಪ್ಪು ಎಂಬುದನ್ನು ಹುಡುಗ ತಾನೇ ಕಂಡುಕೊಳ್ಳುತ್ತಾನೆ. ಮೈ ಬಿಸಿಯಾಗಿರುವಾಗಲೇ, ಏದುಸಿರು ಇಳಿಯುವ ಮುಂಚೆಯೇ ಕಂಡುಕೊಳ್ಳುತ್ತಾನೆ. ವಾರವಾರ ಇಂಥದೇ ಅಭ್ಯಾಸಗಳು. ಸಿಟ್ಟು ಬಂದಾಗ ದೇಹದಲ್ಲಿ ಏನಾಗುತ್ತದೆ, ಉಸಿರು ಹೇಗೆ ಹತೋಟಿಗೆ ತರುವುದು, ಶಿಕ್ಷಕರು ಬೈದಾಗ ಅವರ ಜಾಗದಲ್ಲಿ ನಿಂತರೆ ಏನು ಕಾಣುತ್ತದೆ.

ಶಿಕಾಗೋ ವಿಶ್ವವಿದ್ಯಾಲಯದ ಕ್ರೈಮ್ ಲ್ಯಾಬ್‌ನ ಸಂಶೋಧಕರು ಇದನ್ನು ಲಾಟರಿ ವಿಧಾನದಲ್ಲಿ ಅಳೆದರು. 2009–10ರಲ್ಲಿ 18 ಶಾಲೆಗಳ 2,740 ಹುಡುಗರಲ್ಲಿ ಯಾರಿಗೆ ಕಾರ್ಯಕ್ರಮ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸಿದರು. 2013ರಿಂದ 15ರವರೆಗೆ ಇನ್ನೊಮ್ಮೆ, 9 ಶಾಲೆಗಳಲ್ಲಿ. ಕಾರ್ಯಕ್ರಮ ನಡೆಯುತ್ತಿದ್ದ ಅವಧಿಯಲ್ಲಿ ಪಾಲ್ಗೊಂಡ ಹುಡುಗರ ಒಟ್ಟು ಬಂಧನಗಳು ಶೇ 28ರಿಂದ 35ರಷ್ಟು ಇಳಿದವು. ಹಿಂಸೆಯ ಅಪರಾಧಕ್ಕೆ ಆದ ಬಂಧನಗಳು ಶೇ 45ರಿಂದ 50ರಷ್ಟು ಇಳಿದವು. ಮೊದಲ ಪ್ರಯೋಗದ ಹುಡುಗರಲ್ಲಿ ಹೈಸ್ಕೂಲ್ ಮುಗಿಸಿದವರು ಶೇ 12ರಿಂದ 19ರಷ್ಟು ಹೆಚ್ಚಿದರು. ಬಾಲಬಂಧಿಗಳ ಕೇಂದ್ರದಲ್ಲಿ ಇಂಥದೇ ತರಬೇತಿ ಕೊಟ್ಟಾಗ, ಬಿಡುಗಡೆಯಾಗಿ ಮತ್ತೆ ಒಳಗೆ ಬರುವವರು ಶೇ 21ರಷ್ಟು ಕಡಿಮೆಯಾದರು.

ಆ ಕೇಂದ್ರದ ಅಧಿಕಾರಿಯೊಬ್ಬರ ಮಾತನ್ನು ಸಂಶೋಧಕರು ದಾಖಲಿಸಿದ್ದಾರೆ. ಇಲ್ಲಿರುವ ಹೆಚ್ಚಿನ ಹುಡುಗರಿಗೆ ಅವರ ಬದುಕಿನ ಹತ್ತು ನಿಮಿಷವನ್ನು ವಾಪಸ್ ಕೊಡಲು ಸಾಧ್ಯವಾಗಿದ್ದರೆ ಅವರು ಇಲ್ಲಿ ಇರುತ್ತಲೇ ಇರಲಿಲ್ಲ ಎನ್ನುವುದು ಅದರ ಸಾರ. ಇಡೀ ಕಾರ್ಯಕ್ರಮ ಗುರಿ ಇಟ್ಟಿರುವುದು ಆ ಹತ್ತು ನಿಮಿಷಕ್ಕೆ.

‘ನನ್ನ ಮಗ ಏಟು ತಿಂದು ಬರಬೇಕಾ?’

ನಮ್ಮಲ್ಲಿ ಅನೇಕ ತಂದೆತಾಯಿಯರು ಕೇಳುವ ಪ್ರಶ್ನೆ ಇದು. ಅಹಿಂಸೆ ಕಲಿಸಿದರೆ ಮಗು ಮೆತ್ತಗಾಗಿ, ಕಂಡಕಂಡವರ ಕೈಯಲ್ಲಿ ಹೊಡೆಸಿಕೊಳ್ಳುತ್ತದೆ ಎಂಬ ಭಯ. ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಶಿಕಾಗೋದವರು ಇದಕ್ಕೆ ಕೊಟ್ಟ ಉತ್ತರ ಪ್ರಾಮಾಣಿಕವಾಗಿದೆ. ಅವರು ‘ಎಂದೂ ಎದುರು ನಿಲ್ಲಬೇಡ’ ಎನ್ನುವುದಿಲ್ಲ. ಕೆಲವು ಬೀದಿಗಳಲ್ಲಿ ಒಂದು ಸಲ ತಲೆತಗ್ಗಿಸಿದ ಹುಡುಗನನ್ನು ನಾಳೆಯಿಂದ ಎಲ್ಲರೂ ಸುಲಿಯುತ್ತಾರೆ. ಅಲ್ಲಿ ಸೆಟೆದು ನಿಲ್ಲುವುದನ್ನು ಅವನು ಬದುಕಲಿಕ್ಕಾಗಿಯೇ ಕಲಿತಿದ್ದಾನೆ. ತೊಂದರೆ ಶುರುವಾಗುವುದು ಅದೇ ಸೆಟೆತವನ್ನು ತರಗತಿಗೂ ತಂದಾಗ. ‘ಕೂತ್ಕೋ’ ಎಂದ ಮೇಷ್ಟ್ರ ಮುಂದೆಯೂ, ಕಾಲು ತುಳಿದ ಸಹಪಾಠಿಯ ಮುಂದೆಯೂ ಯೋಚನೆಯಿಲ್ಲದೆ ಅದೇ ಪ್ರತಿಕ್ರಿಯೆ ಬಂದಾಗ. ಹಾಗಾಗಿ ಕಲಿಸುವುದು ಒಂದು ಕ್ಷಣ ನಿಧಾನಿಸಿ, ಇದು ಯಾವ ಸಂದರ್ಭ ಎಂದು ನೋಡುವುದನ್ನು. ಸಂಶೋಧಕರು ಒಂದು ಆಟದ ಮೂಲಕ ಇದನ್ನೂ ಪರೀಕ್ಷಿಸಿದರು. ಎದುರಾಳಿ ತನಗೆ ಅನ್ಯಾಯ ಮಾಡಿದ ಎಂದು ನಂಬಿದಾಗ, ತರಬೇತಿ ಪಡೆದ ಹುಡುಗರು ಪ್ರತಿಕ್ರಿಯಿಸುವ ಮುಂಚೆ ತೆಗೆದುಕೊಂಡ ಸಮಯ ಉಳಿದವರಿಗಿಂತ ಸುಮಾರು ಶೇ 80ರಷ್ಟು ಹೆಚ್ಚಿತ್ತು.

ಗೆಲುವಿನ ಮಿತಿ

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುವವರು ಬಹಳ. 2013ರಲ್ಲಿ ಆಗಿನ ಅಧ್ಯಕ್ಷ ಒಬಾಮ ಈ ಹುಡುಗರ ಗುಂಪಿನಲ್ಲಿ ಬಂದು ಕೂತ ಮೇಲಂತೂ ಅದರ ಹೆಸರು ಎಲ್ಲ ಕಡೆ ಹಬ್ಬಿತು. ಆದರೆ ಎರಡು ವಿಷಯಗಳನ್ನು ಮರೆಯಬಾರದು. ಮೊದಲ ಪ್ರಯೋಗದಲ್ಲಿ, ಕಾರ್ಯಕ್ರಮ ಮುಗಿದ ನಂತರದ ವರ್ಷಗಳಲ್ಲಿ ಬಂಧನದ ಇಳಿಕೆ ಹಾಗೇ ಉಳಿಯಲಿಲ್ಲ. ಓದು ಮುಗಿಸಿದ ಲಾಭ ಉಳಿಯಿತು, ಆದರೆ ಸಿಟ್ಟನ್ನು ನಿಧಾನಿಸುವ ಅಭ್ಯಾಸ ಬಿಟ್ಟರೆ ಮಾಸುತ್ತದೆ. ಎರಡನೆಯದು, ಕಾರ್ಯಕ್ರಮವನ್ನು ಇನ್ನೂ ಹೆಚ್ಚು ಶಾಲೆಗಳಿಗೆ ಹರಡಿದಾಗ ಮೊದಲಿನಷ್ಟು ದೊಡ್ಡ ಪರಿಣಾಮ ಕಾಣಲಿಲ್ಲ.

ಇದು ಯಾಕೆ ಎಂದು ಊಹಿಸುವುದು ಕಷ್ಟವಲ್ಲ. ಕೆಲಸ ನಡೆಯುವುದು ಪುಸ್ತಕದಿಂದಲ್ಲ, ಮುಂದೆ ಕೂತಿರುವ ವ್ಯಕ್ತಿಯಿಂದ. ಹುಡುಗರು ನಂಬುವಂಥ ಹತ್ತು ಜನರನ್ನು ಹುಡುಕಬಹುದು. ಅಂಥ ಸಾವಿರ ಜನರನ್ನು ಒಂದೇ ವರ್ಷದಲ್ಲಿ ನೇಮಿಸಿಕೊಳ್ಳುವುದು ಬೇರೆಯೇ ಮಾತು.

ಸ್ಯಾನ್ ಡಿಯಾಗೋದ ತಂದೆ

ಅಮೆರಿಕದ್ದೇ ಇನ್ನೊಂದು ಪ್ರಯತ್ನ ಬೇರೆ ಬಗೆಯದು. 1995ರ ಜನವರಿಯಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ಪಿಜ್ಜಾ ಕೊಡಲು ಹೋಗಿದ್ದ 20 ವರ್ಷದ ಕಾಲೇಜು ವಿದ್ಯಾರ್ಥಿ ತಾರಿಕ್ ಖಮೀಸಾ ಗುಂಡೇಟಿಗೆ ಬಲಿಯಾದ. ಗುಂಡು ಹಾರಿಸಿದ್ದು 14 ವರ್ಷದ ಹುಡುಗ. ಹಾರಿಸು ಎಂದದ್ದು ಅವನ ಗ್ಯಾಂಗಿನ ದೊಡ್ಡ ಹುಡುಗ. ಕ್ಯಾಲಿಫೋರ್ನಿಯಾದಲ್ಲಿ ಆಗಷ್ಟೇ ಕಾನೂನು ಬಿಗಿಯಾಗಿತ್ತು. ಆ ಹೊಸ ಕಾನೂನಿನಡಿ ದೊಡ್ಡವನಂತೆ ಶಿಕ್ಷೆಗೆ ಗುರಿಯಾದ ಮೊದಲ 14 ವರ್ಷದವನು ಅವನೇ. ಶಿಕ್ಷೆ 25 ವರ್ಷದಿಂದ ಜೀವಾವಧಿ.

ತಾರಿಕ್‌ನ ತಂದೆ ಅಝೀಮ್ ಖಮೀಸಾ ಕೀನ್ಯಾದಲ್ಲಿ ಹುಟ್ಟಿದ ಇಸ್ಮಾಯಿಲಿ ಮುಸ್ಲಿಂ, ಬ್ಯಾಂಕಿಂಗ್ ಕ್ಷೇತ್ರದವರು. ಬಂದೂಕಿನ ಎರಡೂ ತುದಿಯಲ್ಲಿ ಬಲಿಪಶುಗಳಿದ್ದಾರೆ ಎಂದು ಅವರಿಗೆ ಅನ್ನಿಸಿತು. ಅದೇ ವರ್ಷ ಮಗನ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿದರು. ಕೊಂದ ಹುಡುಗನನ್ನು ಸಾಕಿದ್ದ ಅಜ್ಜ ಪ್ಲೆಸ್ ಫೆಲಿಕ್ಸ್ ಅವರನ್ನು ಕರೆದು, ಜೊತೆಗೆ ಕೆಲಸ ಮಾಡೋಣವೇ ಎಂದು ಕೇಳಿದರು. ಅಜ್ಜ ಒಪ್ಪಿದರು. ಅಂದಿನಿಂದ ಇಬ್ಬರೂ ಶಾಲೆಗಳಿಗೆ ಹೋಗಿ, ಮಕ್ಕಳ ಮುಂದೆ ಅಕ್ಕಪಕ್ಕ ಕೂತು ನಡೆದದ್ದನ್ನು ಹೇಳುತ್ತಾ ಬಂದರು. ಆ ಹುಡುಗ 2019ರಲ್ಲಿ ಬಿಡುಗಡೆಯಾದ. ಆ ಬಿಡುಗಡೆಗೆ ಅಝೀಮ್ ಅವರ ಬೆಂಬಲವೂ ಇತ್ತು.

ಕೊಂದವನ ಅಜ್ಜ, ಸತ್ತವನ ಅಪ್ಪ ಒಂದೇ ವೇದಿಕೆಯಲ್ಲಿ. ಕೇಳುವ ಮಕ್ಕಳ ಎದೆ ತಟ್ಟದೇ ಇರುತ್ತದೆಯೇ? ಸೇಡು ಬಿಟ್ಟು ಬೇರೆ ದಾರಿಯೂ ಇದೆ ಎಂಬುದನ್ನು ಇಷ್ಟು ಗಟ್ಟಿಯಾಗಿ ತೋರಿಸುವ ಪಾಠ ಇನ್ನೊಂದಿರಲಾರದು. ಆದರೂ ಒಂದು ದಿನದ ಸಭೆಯಿಂದ ಬದಲಾವಣೆ ಉಳಿಯುವುದಿಲ್ಲ. ಪ್ರತಿಷ್ಠಾನದವರೂ ಸಭೆಗೆ ನಿಲ್ಲಿಸದೆ, ಆ ನಂತರ ಕಾರ್ಯಾಗಾರ, ಅಡ್ಡದಾರಿ ಹಿಡಿಯುವ ಅಪಾಯದಲ್ಲಿರುವ ಮಕ್ಕಳಿಗೆ ಮಾರ್ಗದರ್ಶಕರು ಎಂದು ಕೆಲಸ ಬೆಳೆಸಿದರು. ನಮ್ಮಲ್ಲಿ ಅಕ್ಟೋಬರ್ 2ರಂದು ಒಂದು ಭಾಷಣ, ಒಂದು ಪ್ರತಿಜ್ಞೆ, ಒಂದು ಫೋಟೊ ಮುಗಿಸಿ ಕೈತೊಳೆದುಕೊಳ್ಳುವವರು ಇದನ್ನು ಗಮನಿಸಬೇಕು.

ಹೆದರಿಸಿದರೆ ಆಗದೇ?

ಆಗಲಿಲ್ಲ. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ ‘ಸ್ಕೇರ್ಡ್ ಸ್ಟ್ರೇಟ್’ ಶುರುವಾಯಿತು. ದಾರಿ ತಪ್ಪುತ್ತಿರುವ ಹುಡುಗರನ್ನು ಜೈಲಿಗೆ ಕರೆದೊಯ್ಯುವುದು, ಜೀವಾವಧಿ ಕೈದಿಗಳಿಂದ ಗದರಿಸಿ ಬೆದರಿಸುವುದು. ಜನರಿಗೆ ಬಹಳ ಇಷ್ಟವಾಯಿತು. ಆಮೇಲೆ 9 ಪ್ರಯೋಗಗಳ ಫಲಿತಾಂಶವನ್ನು ಒಟ್ಟು ಮಾಡಿ ನೋಡಿದಾಗ, ಜೈಲಿಗೆ ಹೋಗಿ ಬಂದ ಹುಡುಗರು ಹೋಗದವರಿಗಿಂತ ಜಾಸ್ತಿ ಅಪರಾಧ ಮಾಡಿದ್ದು ಕಂಡಿತು. ಕಾರ್ಯಕ್ರಮ ಇಲ್ಲದಿದ್ದರೇ ಮಕ್ಕಳಿಗೆ ಒಳ್ಳೆಯದಿತ್ತು. ಮಕ್ಕಳನ್ನು ಠಾಣೆಗೆ ಕರೆಸಿ ಬೆದರಿಸಿ ಕಳಿಸಿದರೆ ಸರಿಹೋಗುತ್ತಾರೆ ಎನ್ನುವ ನಂಬಿಕೆ ನಮ್ಮಲ್ಲೂ ಇದೆ ಅಲ್ವಾ? ಅದಕ್ಕೇ ಇದನ್ನು ಹೇಳಬೇಕಾಯಿತು.

ನಳಂದದ ಶಾಲೆಗಳಲ್ಲಿ ಕಂಡದ್ದು

ಅಮೆರಿಕದ್ದು ನಮಗೆ ಹೊಂದುತ್ತದೆಯೇ ಎಂಬ ಅನುಮಾನ ಸಹಜ. ಅಲ್ಲಿ ಹೆಚ್ಚೆಂದರೆ ಹದಿನೈದು ಹುಡುಗರಿಗೆ ಒಬ್ಬ ಸಮಾಲೋಚಕ, ಇಲ್ಲಿ ಅರವತ್ತು ಮಕ್ಕಳಿಗೆ ಒಂದು ಕೋಣೆ. ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿದೆ. ಅದೂ ಬಿಹಾರದ ಸರ್ಕಾರಿ ಶಾಲೆಗಳಲ್ಲಿ.

ಗೋವಾ ಮೂಲದ ಸಂಗಾತ್ ಸಂಸ್ಥೆ ಮತ್ತು ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ ನಳಂದ ಜಿಲ್ಲೆಯ 75 ಶಾಲೆಗಳಲ್ಲಿ ‘ಸೆಹರ್’ ಎಂಬ ಕಾರ್ಯಕ್ರಮ ನಡೆಸಿತು. ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಶಾಲೆಗಳನ್ನು ಲಾಟರಿ ಮೂಲಕ ಮೂರು ಭಾಗ ಮಾಡಿದ್ದರು. ಒಂದು ಭಾಗದಲ್ಲಿ ಸೆಹರ್ ನಡೆಸಿದ್ದು ಹೊರಗಿನಿಂದ ನೇಮಿಸಿದ ‘ಮಿತ್ರ’ರು. ಇವರು ಮನಶ್ಶಾಸ್ತ್ರಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಎರಡನೇ ಭಾಗದಲ್ಲಿ ಅದೇ ಕೆಲಸವನ್ನು ಅದೇ ಶಾಲೆಯ ಒಬ್ಬ ಶಿಕ್ಷಕರಿಗೆ ವಹಿಸಿದರು. ಮೂರನೇ ಭಾಗದಲ್ಲಿ ಸೆಹರ್ ಇಲ್ಲ, ಸರ್ಕಾರದ ಮಾಮೂಲಿ ಜೀವನ ಕೌಶಲ ಪಾಠ ಮಾತ್ರ.

ಮಿತ್ರರು ಮಾಡಿದ್ದೇನು? ಭಾಷಣವನ್ನಂತೂ ಅಲ್ಲ. ಮಕ್ಕಳು ಹೆಸರು ಹಾಕದೆ ದೂರು ಬರೆದು ಹಾಕುವ ಒಂದು ಪೆಟ್ಟಿಗೆ ಇಟ್ಟರು. ಅದರಲ್ಲಿ ಬಂದದ್ದನ್ನು ಶಾಲೆಯ ಸಮಿತಿಯ ಮುಂದೆ ತಂದರು. ಗೋಡೆಪತ್ರಿಕೆ ಮಾಡಿಸಿದರು. ಮಕ್ಕಳ ಗುಂಪುಗಳನ್ನು ಕಟ್ಟಿದರು. ಕಷ್ಟ ಹೇಳಿಕೊಂಡ ಮಗುವಿನ ಜೊತೆ ಪ್ರತ್ಯೇಕವಾಗಿ ಕೂತು ಮಾತಾಡಿದರು. ಪೀಡನೆ, ಹೊಡೆತದ ವಿಷಯದಲ್ಲಿ ಶಾಲೆಗೊಂದು ನಿಯಮ ಬರುವಂತೆ ನೋಡಿಕೊಂಡರು.

ಎಂಟು ತಿಂಗಳಿಗೆ ಫಲಿತಾಂಶ ಕಂಡಿತು. ಮಿತ್ರರಿದ್ದ ಶಾಲೆಗಳಲ್ಲಿ ಒಂಬತ್ತನೇ ತರಗತಿ ಮಕ್ಕಳ ನಡುವಿನ ಪೀಡನೆ ಇಳಿಯಿತು, ಹಿಂಸೆಗೆ ಒಳಗಾಗುವುದೂ ಹಿಂಸೆ ಮಾಡುವುದೂ ಇಳಿಯಿತು, ಖಿನ್ನತೆಯ ಲಕ್ಷಣಗಳೂ ಕಡಿಮೆಯಾದವು. ಎರಡನೇ ವರ್ಷ ಕಾರ್ಯಕ್ರಮ ಮುಂದುವರಿದಾಗ ಪರಿಣಾಮ ಇನ್ನಷ್ಟು ಗಟ್ಟಿಯಾಯಿತು. ಆದರೆ ಶಿಕ್ಷಕರೇ ನಡೆಸಿದ ಶಾಲೆಗಳಲ್ಲಿ? ಸೆಹರ್ ಇಲ್ಲದ ಶಾಲೆಗಳಿಗೂ ಇವಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ನೀತಿಪಾಠದ ಚರ್ಚೆಯಲ್ಲಿರುವ ಎಲ್ಲರೂ ಈ ಫಲಿತಾಂಶವನ್ನು ಎರಡು ಸಲ ಓದಬೇಕು. ಕಾರ್ಯಕ್ರಮ ಒಂದೇ, ಜಿಲ್ಲೆ ಒಂದೇ, ಮಕ್ಕಳೂ ಅಂಥವರೇ. ಬದಲಾದದ್ದು ನಡೆಸಿದವರು ಮಾತ್ರ. ಇದನ್ನು ‘ಶಿಕ್ಷಕರು ಸರಿ ಇಲ್ಲ’ ಎಂದು ಓದಿದರೆ ಅನ್ಯಾಯ. ಪಾಠ, ಮೌಲ್ಯಮಾಪನ, ಗಣತಿ, ಬಿಸಿಯೂಟದ ಲೆಕ್ಕ ಎಲ್ಲದರ ನಡುವೆ ಇನ್ನೊಂದು ಹೊರೆ ಹಾಕಿದರೆ ಅದಕ್ಕೆ ಸಮಯ ಎಲ್ಲಿಂದ ಬರಬೇಕು? ಇನ್ನೊಂದು ಕಾರಣವೂ ಇರಬಹುದು. ಅಂಕ ಕೊಡುವವರು, ಬೈಯುವವರು, ಮನೆಗೆ ಫೋನ್ ಮಾಡುವವರು ಶಿಕ್ಷಕರೇ. ಅವರ ಮುಂದೆ ‘ನನಗೆ ಅವನನ್ನು ಹೊಡೆಯಬೇಕು ಅನ್ನಿಸುತ್ತಿದೆ’ ಎಂದು ಮಗು ಬಾಯಿಬಿಡುವುದು ಕಷ್ಟ.

ಕರ್ನಾಟಕದ ಕೈಯಲ್ಲಿ ಏನಿದೆ

ನಾವು ಬರಿಗೈಯಲ್ಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಹದಿಹರೆಯದವರ ಜೀವನ ಕೌಶಲಕ್ಕೆಂದೇ ಒಂದು ಮಾದರಿ ರೂಪಿಸಿ, ರಾಜ್ಯದ ನಾಲ್ಕು ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟು ನಡೆಸಿತ್ತು. 2010ರಲ್ಲಿ ಬಂದ ಅಧ್ಯಯನ 605 ವಿದ್ಯಾರ್ಥಿಗಳನ್ನು, ಕಾರ್ಯಕ್ರಮ ಇಲ್ಲದ ಹತ್ತಿರದ ಶಾಲೆಗಳ 423 ವಿದ್ಯಾರ್ಥಿಗಳ ಜೊತೆ ಹೋಲಿಸಿತು. ಆತ್ಮಗೌರವ, ಶಾಲೆ ಮತ್ತು ಶಿಕ್ಷಕರ ಜೊತೆಗಿನ ಹೊಂದಾಣಿಕೆ, ಕಷ್ಟ ಎದುರಿಸುವ ರೀತಿ, ಇವುಗಳಲ್ಲಿ ಕಾರ್ಯಕ್ರಮದ ಮಕ್ಕಳು ಮುಂದಿದ್ದರು.

ನಳಂದದಲ್ಲಿ ಶಿಕ್ಷಕರಿಂದ ಆಗಲಿಲ್ಲ, ಇಲ್ಲಿ ಆಯಿತು. ಹಾಗಾದರೆ ಯಾವುದನ್ನು ನಂಬುವುದು? ಎರಡೂ ಅಳೆದದ್ದು ಬೇರೆಬೇರೆ. ನಿಮ್ಹಾನ್ಸ್ ಅಧ್ಯಯನ ಹಿಂಸೆಯನ್ನು ನೇರವಾಗಿ ಅಳೆಯಲಿಲ್ಲ, ಲಾಟರಿ ಮೂಲಕ ಮಕ್ಕಳನ್ನು ಹಂಚಿರಲೂ ಇಲ್ಲ. ಒಳ್ಳೆಯ ತರಬೇತಿ, ಚಟುವಟಿಕೆಯ ಪುಸ್ತಕ, ಬೆನ್ನಿಗೆ ನಿಲ್ಲುವ ಸಂಸ್ಥೆ ಇದ್ದರೆ ಶಿಕ್ಷಕರಿಂದಲೂ ಮಕ್ಕಳ ಆತ್ಮವಿಶ್ವಾಸ ಬೆಳೆಯುತ್ತದೆ ಎನ್ನಬಹುದು. ಹೊಡೆದಾಟ ಕಡಿಮೆಯಾಗುತ್ತದೆ ಎಂದು ಅದರಿಂದ ಹೇಳಲಾಗದು.

2020ರಲ್ಲಿ ಆಯುಷ್ಮಾನ್ ಭಾರತ್ ಅಡಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಒಬ್ಬರು ಗಂಡಸು, ಒಬ್ಬರು ಹೆಂಗಸು, ಆರೋಗ್ಯ ರಾಯಭಾರಿಗಳಾಗಿ ವಾರಕ್ಕೊಂದು ಗಂಟೆ ಚಟುವಟಿಕೆ ನಡೆಸಬೇಕು. ಅದರ 11 ವಿಷಯಗಳಲ್ಲಿ ಭಾವನೆಗಳ ಆರೋಗ್ಯ, ಸಂಬಂಧಗಳು, ಹಿಂಸೆಯಿಂದ ರಕ್ಷಣೆ ಎಲ್ಲ ಇವೆ. ಇನ್ನೂ ಹಿಂದೆ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಎನ್‌ಸಿಇಆರ್‌ಟಿ ಶಾಂತಿ ಶಿಕ್ಷಣಕ್ಕೇ ಪ್ರತ್ಯೇಕ ದಾಖಲೆ ತಂದಿತ್ತು. ಶಾಂತಿ ಇನ್ನೊಂದು ಸಬ್ಜೆಕ್ಟ್ ಆಗಬಾರದು, ಎಲ್ಲ ಪಾಠದಲ್ಲೂ ಶಾಲೆಯ ನಡವಳಿಕೆಯಲ್ಲೂ ಇರಬೇಕು ಎಂಬುದು ಅದರ ನಿಲುವು. ಅಂದರೆ ಕಾಗದದ ಮೇಲೆ ಕೊರತೆ ಇಲ್ಲ. ಹೊಸದಾಗಿ ‘ನೀತಿಪಾಠ ತನ್ನಿ’ ಎನ್ನುವ ಮುಂಚೆ, ಈಗಾಗಲೇ ಇರುವ ಆ ವಾರದ ಒಂದು ಗಂಟೆ ನಿಜವಾಗಿ ನಡೆಯುತ್ತಿದೆಯೇ, ಇಲ್ಲ ಎಸ್‌ಎಸ್‌ಎಲ್‌ಸಿ ರಿವಿಷನ್‌ಗೆ ಹೋಗುತ್ತಿದೆಯೇ ಎಂದು ಕೇಳಬೇಕು.

ಬೆತ್ತ ಹಿಡಿದು ಅಹಿಂಸೆ

ಶಾಂತಿ ಶಿಕ್ಷಣದ ಬಗ್ಗೆ ಗಂಭೀರವಾದ ಒಂದು ಆಕ್ಷೇಪ ಇದೆ. ಬಡತನ, ಜಾತಿಯ ಅವಮಾನ, ಮನೆಯಲ್ಲಿ ಕುಡಿತ, ಕೈಗೆ ಸಿಗುವ ಮಾದಕ ವಸ್ತು ಇವನ್ನೆಲ್ಲ ಹಾಗೇ ಬಿಟ್ಟು, ಮಗುವಿಗೆ ‘ಉಸಿರು ಎಳೆದುಕೋ, ಹತ್ತು ಎಣಿಸು’ ಎಂದರೆ ತಪ್ಪನ್ನೆಲ್ಲ ಮಗುವಿನ ತಲೆಗೇ ಕಟ್ಟಿದಂತೆ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ದಿನವೂ ಅವಮಾನ ನುಂಗುವ ಹುಡುಗನಿಗೆ ಸಹನೆ ಮಾತ್ರ ಕಲಿಸುವುದು ಅನ್ಯಾಯವನ್ನು ಸಹಿಸು ಎಂದ ಹಾಗೂ ಆಗಬಹುದು. ನಳಂದದ ದೂರಿನ ಪೆಟ್ಟಿಗೆ ಮುಖ್ಯವಾಗುವುದು ಇದಕ್ಕೇ. ಅದು ಮಗುವಿನ ಸಿಟ್ಟನ್ನು ಅದುಮುವುದಿಲ್ಲ, ಅದಕ್ಕೊಂದು ದಾರಿ ಮಾಡಿ, ಉತ್ತರ ಕೊಡುವ ಹೊಣೆಯನ್ನು ಶಾಲೆಯ ಮೇಲೆ ಹಾಕುತ್ತದೆ.

ಇನ್ನೂ ಹತ್ತಿರದ ವಿಷಯವೊಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಆದರೂ ಕೋಲು ಎಷ್ಟೋ ಕಡೆ ಇನ್ನೂ ಮೇಜಿನ ಮೇಲೇ ಇದೆ. ದೊಡ್ಡವರು ಸಿಟ್ಟು ಬಂದಾಗ ಹೊಡೆಯುತ್ತಾರೆ, ಹೊಡೆದದ್ದಕ್ಕೆ ಒಳ್ಳೆಯ ಕಾರಣವನ್ನೂ ಕೊಡುತ್ತಾರೆ. ಮಗು ಕಲಿಯುವುದು ಇದನ್ನೇ. ಮೂರನೇ ಪಿರಿಯಡ್‌ನಲ್ಲಿ ಹೋಂವರ್ಕ್ ಮಾಡದ್ದಕ್ಕೆ ಅಂಗೈಗೆ ಎರಡು ಬಿದ್ದು, ನಾಲ್ಕನೇ ಪಿರಿಯಡ್‌ನಲ್ಲಿ ಅಹಿಂಸೆಯ ಪಾಠ ಎಂದರೆ ಮಗು ಯಾವುದನ್ನು ನಂಬಬೇಕು?

ಮುಂದೆ ಏನಾಗಬಹುದು

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಆತ್ಮಹತ್ಯೆ ಕುರಿತ ಪ್ರಕರಣವೊಂದರಲ್ಲಿ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಇರಬೇಕು ಎಂಬುದು ಅದರಲ್ಲೊಂದು. ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಆ ತೀರ್ಪು ಹಿಂಸೆಯ ಬಗ್ಗೆ ಅಲ್ಲ. ಆದರೆ ತನ್ನ ಮೇಲೇ ಕೈ ಮಾಡಿಕೊಳ್ಳುವ ಮಗುವಿಗೂ, ಇನ್ನೊಬ್ಬನ ಮೇಲೆ ಕೈ ಎತ್ತುವ ಮಗುವಿಗೂ ಬೇಕಾದದ್ದು ಒಂದೇ: ಸಿಟ್ಟು, ಅವಮಾನ, ಸೋಲು ಬಂದಾಗ ಹೋಗಿ ಕೂರಲು ಒಂದು ಜಾಗ, ಕೇಳಲು ಒಬ್ಬರು.

ಇದು ಜಾರಿಯಾಗುವ ರೀತಿಯಲ್ಲೇ ಎಲ್ಲ ಇದೆ. ಸುಲಭದ ದಾರಿ ಯಾವುದೆಂದರೆ, ಇರುವ ಶಿಕ್ಷಕರೊಬ್ಬರಿಗೆ ಮೂರು ದಿನದ ತರಬೇತಿ ಕೊಟ್ಟು ‘ಸಮಾಲೋಚಕರು’ ಎಂದು ಬೋರ್ಡ್ ಹಾಕುವುದು. ಖರ್ಚು ಕಡಿಮೆ, ದಾಖಲೆ ಪೂರ್ತಿ. ನಳಂದದ ಅನುಭವ ನೋಡಿದರೆ ಇದರಿಂದ ಹೊಡೆದಾಟ ನಿಲ್ಲುವುದಿಲ್ಲ. ಆಗ ಎರಡು ಮೂರು ವರ್ಷದ ಬಳಿಕ ಇನ್ನೊಂದು ಚಾಕುವಿನ ಸುದ್ದಿ ಬರುತ್ತದೆ, ‘ಶಾಂತಿ ಶಿಕ್ಷಣವನ್ನೂ ಮಾಡಿ ನೋಡಿದೆವು, ಪ್ರಯೋಜನ ಇಲ್ಲ’ ಎನ್ನುತ್ತಾರೆ, ಶಿಕ್ಷೆಯ ವಯಸ್ಸು ಇಳಿಸಿ ಎಂಬ ಕೂಗು ಜೋರಾಗುತ್ತದೆ. ಮಾಡದೇ ಇದ್ದದ್ದನ್ನು ಮಾಡಿ ಸೋತದ್ದೆಂದು ಬರೆದಿಡುತ್ತಾರೆ.

ಇನ್ನೊಂದು ದಾರಿಗೆ ದುಡ್ಡು ಬೇಕು, ಆದರೆ ಕೈಗೆಟುಕದಷ್ಟು ಅಲ್ಲ. ಮಿತ್ರರಂಥ ಕೆಲಸಕ್ಕೆ ಪಿಎಚ್‌ಡಿ ಬೇಡ. ಬಿಹಾರದ ಸರ್ಕಾರಿ ಶಾಲೆಗಳಲ್ಲಿ ಆದದ್ದು ಇಲ್ಲಿ ಆಗದು ಎನ್ನಲು ಕಾರಣ ಕಾಣುವುದಿಲ್ಲ. ಎರಡು ಮೂರು ಜಿಲ್ಲೆಗಳಲ್ಲಿ ಶುರು ಮಾಡಿ, ನಿಮ್ಹಾನ್ಸ್‌ನಂಥ ಸಂಸ್ಥೆಯಿಂದ ಅಳೆಸಿ, ಒಳ್ಳೆಯವರನ್ನು ಹುಡುಕಿ ಉಳಿಸಿಕೊಳ್ಳಲು ಆಗುವ ವೇಗದಲ್ಲಿ ಬೆಳೆಸಬಹುದು. ಶಿಕಾಗೋದಲ್ಲಿ ಪರಿಣಾಮ ಮಾಸಿದ್ದನ್ನು ನೋಡಿದ ಮೇಲೆ, ಒಂದೇ ವರ್ಷಕ್ಕೆ ನಿಲ್ಲಿಸದೆ ಎಂಟರಿಂದ ಹತ್ತನೇ ತರಗತಿವರೆಗೂ ನಡೆಸಬೇಕು.

ಪೋಷಕರಿಗೂ ಇಲ್ಲಿ ಕೆಲಸವಿದೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆ, ಖಾಸಗಿಯಾದರೆ ಪೋಷಕರ ಸಭೆ ಇದ್ದೇ ಇರುತ್ತದೆ. ಅಲ್ಲಿ ‘ಸಮಾಲೋಚಕರು ಇದ್ದಾರಾ’ ಎಂದಷ್ಟೇ ಕೇಳಿದರೆ ‘ಇದ್ದಾರೆ’ ಎಂಬ ಉತ್ತರ ಸಿಗುತ್ತದೆ. ಅವರಿಗೆ ಬೇರೆ ಪಾಠದ ಹೊರೆ ಇದೆಯೇ, ವಾರದಲ್ಲಿ ಎಷ್ಟು ಹೊತ್ತು ಮಕ್ಕಳಿಗಾಗಿಯೇ ಮೀಸಲು, ಮಗು ಹೇಳಿದ ಮಾತು ಹೆಡ್‌ಮಾಸ್ಟರ್ ಕೋಣೆಗೆ ಹೋಗದೆ ಅಲ್ಲೇ ಉಳಿಯುತ್ತದೆಯೇ, ಶಾಲೆಯಲ್ಲಿ ಕೋಲು ಇನ್ನೂ ಇದೆಯೇ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಉತ್ತರ ಮನೆಯಲ್ಲಿ ಮಕ್ಕಳನ್ನು ಕೇಳಿದರೆ ಬೇಗ ಸಿಗುತ್ತದೆ.